ವಿಶ್ವವಿದ್ಯಾಲಯದ ಪೇಟೆಂಟ್: ಒಡೆತನ ಯಾರದು, ರಾಜಧನ ಯಾರಿಗೆ?

ರಾಣೆಬೆನ್ನೂರು, ಹಿರೇಕೆರೂರು ಭಾಗದ ಹತ್ತಿ ಬೀಜೋತ್ಪಾದನೆಯ ಹೊಲಗಳನ್ನು ಕಂಡವರಿಗೆ ‘ಕ್ರಾಸಿಂಗ್’ ಎಂಬ ಮಾತು ಹೊಸದಲ್ಲ. ಸಂಜೆಯ ಹೊತ್ತು ಹೆಣ್ಣು ಸಾಲಿನ ಮೊಗ್ಗುಗಳಿಂದ ಕೇಸರವನ್ನು ತೆಗೆದು, ಮರುದಿನ ಬೆಳಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಕೈಯಿಂದಲೇ ಮುಟ್ಟಿಸುವ ಈ ಕೆಲಸದಿಂದ ಸಾವಿರಾರು ಕುಟುಂಬಗಳು ಜೀವನ ಸಾಗಿಸಿವೆ. ಬೀಜದ ಕಂಪನಿಗಳು, ಅಂಗಡಿಕಾರರು, ಸಾಗಣೆದಾರರು ಲಾಭ ಕಂಡಿದ್ದಾರೆ. ಈ ಉದ್ಯಮಕ್ಕೆ ಬಲ ತಂದ ತಳಿಗಳು ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದವು. ಡಾ. ಬಿ. ಎಚ್. ಕಟರಕಿಯವರು ಲಕ್ಷ್ಮಿ ಎಂಬ ಅಮೆರಿಕನ್ ಹತ್ತಿಗೆ ಬಾರ್ಬಡೆನ್ಸ್ ಜಾತಿಯ ಎಸ್‌ಬಿ 289ಇ ಎಂಬ ತಳಿಯನ್ನು ಸಂಕರಿಸಿ 1972ರಲ್ಲಿ ‘ವರಲಕ್ಷ್ಮಿ’ಯನ್ನು ಹೊರತಂದರು. ಎರಡು ಭಿನ್ನ ಜಾತಿಗಳ ನಡುವಿನ ಹತ್ತಿಯ ಸಂಕರಣ ತಳಿಯೊಂದು ವ್ಯಾಪಾರಕ್ಕೆ ಬಂದದ್ದು ಜಗತ್ತಿನಲ್ಲೇ ಅದು ಮೊದಲು. 1981ರಲ್ಲಿ ‘ಜಯಲಕ್ಷ್ಮಿ’ ಎಂಬ ಡಿಸಿಎಚ್-32 ಬಂದಿತು. ಉದ್ದ ಎಳೆಯ ಹತ್ತಿಯೆಂದರೆ ಗಿರಣಿಗಳವರು ಬಹುಕಾಲ ಈ ಹೆಸರನ್ನೇ ಕೇಳುತ್ತಿದ್ದರು.

ಇಷ್ಟು ದೊಡ್ಡ ವಹಿವಾಟಿನಲ್ಲಿ ತಳಿಯನ್ನು ಸೃಷ್ಟಿಸಿದ ವಿಶ್ವವಿದ್ಯಾಲಯಕ್ಕೆ ಪ್ರತಿ ಪೊಟ್ಟಣದ ಮೇಲೆ ರಾಜಧನ, ಅಂದರೆ ರಾಯಲ್ಟಿ, ಕೇಳುವ ಹಕ್ಕು ಇತ್ತೇ? ಇರಲಿಲ್ಲ. 1970ರ ಪೇಟೆಂಟ್ ಕಾಯಿದೆಯು ಬೇಸಾಯದ ವಿಧಾನಗಳನ್ನು ಪೇಟೆಂಟಿನ ಹೊರಗಿಟ್ಟಿತ್ತು. ಸಸ್ಯ ತಳಿಗಳ ಮೇಲೆ ಹಕ್ಕು ಕೊಡುವ ಬೇರೆ ಕಾಯಿದೆ ದೇಶದಲ್ಲಿ ಇರಲಿಲ್ಲ; ಅದು ಬಂದದ್ದು 2001ರಲ್ಲಿ. ತಾಯಿ-ತಂದೆ ಸಾಲುಗಳ ಬೀಜವನ್ನು ತೂಕಕ್ಕಿಷ್ಟು ಎಂದು ಮಾರಿ ಬಂದ ಹಣ ಬೀಜದ ಬೆಲೆಯಾಗಿತ್ತೇ ಹೊರತು ಬುದ್ಧಿಯ ಬೆಲೆಯಾಗಿರಲಿಲ್ಲ.

ಇದಕ್ಕೆ ಎದುರಾಗಿ ಬಿ.ಟಿ. ಹತ್ತಿಯ ಕಥೆಯನ್ನು ಇಡಬಹುದು. 2002ರಲ್ಲಿ ಅನುಮತಿ ದೊರೆತ ಮೇಲೆ ಅದೇ ಹೊಲಗಳಲ್ಲಿ, ಅದೇ ಕೂಲಿಗಳಿಂದ ತಯಾರಾದ ಬೀಜದ ಪ್ರತಿ ಪೊಟ್ಟಣದ ಬೆಲೆಯೊಳಗೆ ವಂಶವಾಹಿಯ ಒಡೆಯರಿಗೆ ಸಲ್ಲಬೇಕಾದ ಶುಲ್ಕ ಅಡಗಿ ಕುಳಿತಿತು. ಆ ಶುಲ್ಕದ ಬಗ್ಗೆ ಕಂಪನಿಗಳ ನಡುವೆ ಸರ್ವೋಚ್ಚ ನ್ಯಾಯಾಲಯದವರೆಗೆ ವ್ಯಾಜ್ಯ ನಡೆಯಿತು. ಸರಕಾರ ಮಧ್ಯೆ ಬಂದು ಅದನ್ನು ಹಂತಹಂತವಾಗಿ ಇಳಿಸಿ 2020ರಲ್ಲಿ ಸೊನ್ನೆಗೆ ತಂದಿತು. ಧಾರವಾಡದ ಸಂಕರಣ ತಳಿಗೆ ರಾಜಧನವಿಲ್ಲ, ಹೊರದೇಶದ ವಂಶವಾಹಿಗೆ ಪೊಟ್ಟಣಕ್ಕಿಷ್ಟೆಂದು ರಾಜಧನ. ಇವೆರಡರ ನಡುವಿನ ಅಂತರವು ವಿಜ್ಞಾನದ ಹೆಚ್ಚು-ಕಡಿಮೆಯಿಂದ ಬಂದದ್ದಲ್ಲ, ಕಾಗದಪತ್ರದ ಹೆಚ್ಚು-ಕಡಿಮೆಯಿಂದ ಬಂದದ್ದು.

ಈ ವಿಷಯ ಅಕ್ಕಿಆಲೂರು, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ವ್ಯಾಪಾರಸ್ಥರಿಗೆ ದೂರದ್ದಲ್ಲ. ಅಕ್ಕಿ ಗಿರಣಿ, ಅವಲಕ್ಕಿ ಗಿರಣಿ, ಮಾವಿನ ತಿರುಳು, ಒಣಮೆಣಸಿನಕಾಯಿ ಪುಡಿ, ಗೋವಿನಜೋಳದ ಉತ್ಪನ್ನ, ಕೃಷಿ ಯಂತ್ರಗಳ ಸಣ್ಣ ವರ್ಕ್‌ಶಾಪ್, ಇವೆಲ್ಲಕ್ಕೂ ಬೇಕಾದ ಹೊಸ ವಿಧಾನಗಳು ಸುತ್ತಲಿನ ವಿದ್ಯಾಸಂಸ್ಥೆಗಳಲ್ಲಿ ಸಿದ್ಧವಾಗುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಅದರ ಹನುಮನಮಟ್ಟಿಯ ಕಾಲೇಜು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ದೇವಿಹೊಸೂರಿನ ತೋಟಗಾರಿಕಾ ಇಂಜಿನಿಯರಿಂಗ್ ಹಾಗೂ ಆಹಾರ ತಂತ್ರಜ್ಞಾನ ಕಾಲೇಜು ಬಸ್ಸಿನ ಹಾದಿಯಲ್ಲೇ ಇವೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 1950ರಿಂದ ಸಣ್ಣ ಉದ್ದಿಮೆಗಳಿಗೆ ತಾಂತ್ರಿಕತೆಯನ್ನು ಒದಗಿಸುತ್ತ ಬಂದಿದೆ. ಹಿಂದೆ ಇಂಥ ವಿಧಾನಗಳು ಬಹುಮಟ್ಟಿಗೆ ಉಚಿತ ಸಲಹೆಯಾಗಿ ಸಿಗುತ್ತಿದ್ದವು. ಈಗ ಅನೇಕವು ಪರವಾನಗಿ ಕರಾರಿನ ಮೂಲಕ ಸಿಗುತ್ತವೆ. ಕರಾರಿಗೆ ಸಹಿ ಹಾಕುವ ಮೊದಲು, ಹಕ್ಕು ನಿಜವಾಗಿ ಯಾರ ಕೈಯಲ್ಲಿದೆ, ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದಿರಬೇಕಾದುದು ಹಣ ಕೊಡುವವನ ಹಿತದ ಪ್ರಶ್ನೆ.

ಒಡೆತನದ ಪ್ರಶ್ನೆ

ಪೇಟೆಂಟ್ ಕಾಯಿದೆಯ 6ನೆಯ ಕಲಮಿನ ಪ್ರಕಾರ ಅರ್ಜಿ ಹಾಕಲು ಅರ್ಹನಾದವನು ನೈಜ ಹಾಗೂ ಪ್ರಥಮ ಆವಿಷ್ಕಾರಕ, ಇಲ್ಲವೆ ಅವನಿಂದ ಹಕ್ಕನ್ನು ಬರೆಯಿಸಿಕೊಂಡವನು, ಇಲ್ಲವೆ ಮೃತನ ವಾರಸುದಾರ. ಅಂದರೆ ಹಕ್ಕು ಮೊದಲು ಹುಟ್ಟುವುದು ಮನುಷ್ಯನಲ್ಲಿ, ಸಂಸ್ಥೆಯಲ್ಲಲ್ಲ. ನೌಕರನೊಬ್ಬನ ಆವಿಷ್ಕಾರವು ತಾನಾಗಿಯೇ ಮಾಲೀಕನಿಗೆ ಸೇರುತ್ತದೆಂದು ಹೇಳುವ ಕಲಮು ನಮ್ಮ ಪೇಟೆಂಟ್ ಕಾಯಿದೆಯಲ್ಲಿ ಇಲ್ಲ. ಆದ್ದರಿಂದ ಪ್ರಾಧ್ಯಾಪಕರ ನೇಮಕಾತಿ ಪತ್ರ, ಸೇವಾ ನಿಯಮಗಳು, ವಿಶ್ವವಿದ್ಯಾಲಯದ ಬೌದ್ಧಿಕ ಆಸ್ತಿ ನೀತಿ, ಸಂಶೋಧನೆಗೆ ಹಣ ಕೊಟ್ಟವರ ಷರತ್ತು, ಇವೆಲ್ಲವನ್ನು ಕೂಡಿಸಿ ಓದಿದಾಗಲೇ ಒಡೆಯನಾರೆಂಬುದು ತಿಳಿಯುತ್ತದೆ.

ಒಂದು ಶಬ್ದದ ವ್ಯತ್ಯಾಸ ಎಂಥ ಅನಾಹುತ ತರಬಲ್ಲದೆಂಬುದಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೊಕದ್ದಮೆ ಸಾಕ್ಷಿ. ಅಲ್ಲಿನ ಸಂಶೋಧಕರೊಬ್ಬರು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ ಪತ್ರದಲ್ಲಿ ಹಕ್ಕನ್ನು ‘ವರ್ಗಾಯಿಸಲು ಒಪ್ಪುತ್ತೇನೆ’ ಎಂದಿತ್ತು. ಮುಂದೆ ಅವರು ಒಂದು ತಂತ್ರವನ್ನು ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ, ಒಳಗೆ ಬಿಡುವ ಮೊದಲು ಕಂಪನಿಯವರು ಇನ್ನೊಂದು ಪತ್ರಕ್ಕೆ ಸಹಿ ಮಾಡಿಸಿಕೊಂಡರು. ಅದರಲ್ಲಿ ‘ಈ ಮೂಲಕ ವರ್ಗಾಯಿಸಿದ್ದೇನೆ’ ಎಂದಿತ್ತು. ಎಚ್‌ಐವಿ ಪ್ರಮಾಣವನ್ನು ಅಳೆಯುವ ವಿಧಾನಕ್ಕೆ ಪೇಟೆಂಟ್ ಬಂದು, ಸೀಟಸ್‌ನ ಆ ವ್ಯವಹಾರ ರೋಶ್ ಕಂಪನಿಯ ಪಾಲಾದ ಮೇಲೆ, ಸ್ಟ್ಯಾನ್‌ಫರ್ಡ್ ರಾಜಧನ ಕೇಳಿ ದಾವೆ ಹೂಡಿತು. ಒಪ್ಪುವುದು ಮುಂದಿನ ಮಾತು, ಕೊಟ್ಟಿದ್ದೇನೆ ಎಂಬುದು ಮುಗಿದ ಮಾತು ಎಂದು ಮೇಲ್ಮನವಿ ನ್ಯಾಯಾಲಯ ಎಣಿಸಿತು. 2011ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸರಕಾರದ ಹಣದಿಂದ ನಡೆದ ಸಂಶೋಧನೆಯೆಂಬ ಕಾರಣಕ್ಕೆ ಒಡೆತನವು ತಾನಾಗಿ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲವೆಂದು ತೀರ್ಪಿತ್ತಿತು. ಜಮೀನಿನ ವ್ಯವಹಾರದಲ್ಲಿ ಸಂಚಕಾರ ಪತ್ರಕ್ಕೂ ಖರೀದಿ ಪತ್ರಕ್ಕೂ ಇರುವ ಭೇದವನ್ನು ಬಲ್ಲವರಿಗೆ ಈ ತೀರ್ಪನ್ನು ಹೆಚ್ಚು ವಿವರಿಸಬೇಕಿಲ್ಲ.

ಬೇರೆ ದೇಶಗಳ ರೀತಿ ಬೇರೆ. ಜರ್ಮನಿಯಲ್ಲಿ ಪ್ರಾಧ್ಯಾಪಕರ ಆವಿಷ್ಕಾರ ಪ್ರಾಧ್ಯಾಪಕರಿಗೇ ಸೇರುತ್ತಿತ್ತು. 2002ರಲ್ಲಿ ಆ ವಿಶೇಷಾಧಿಕಾರವನ್ನು ತೆಗೆದು ಒಡೆತನವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟು, ಗಳಿಕೆಯ ನೂರಕ್ಕೆ 30 ಭಾಗವನ್ನು ಆವಿಷ್ಕಾರಕನಿಗೆ ಕಾಯಿದೆಯಲ್ಲೇ ಗೊತ್ತುಮಾಡಿದರು. ಆಸ್ಟ್ರೇಲಿಯದ ನ್ಯಾಯಾಲಯವು 2009ರಲ್ಲಿ, ಸಂಶೋಧನೆ ಮಾಡುವುದು ಪ್ರಾಧ್ಯಾಪಕನ ಕರ್ತವ್ಯವಾದರೂ ಆವಿಷ್ಕರಿಸುವುದು ಅವನ ಕರ್ತವ್ಯವಲ್ಲವೆಂದು ಹೇಳಿ, ಶಸ್ತ್ರವೈದ್ಯ ಪ್ರಾಧ್ಯಾಪಕರೊಬ್ಬರ ಪರ ನಿಂತಿತು. ಹೀಗೆ ಜಗತ್ತಿನ ನ್ಯಾಯಾಲಯಗಳೇ ಒಮ್ಮತಕ್ಕೆ ಬಾರದ ವಿಷಯದಲ್ಲಿ ‘ಸರ್ ಹೇಳಿದ್ದಾರೆ, ಸಾಕು’ ಎಂದು ಮುಂಗಡ ಕೊಟ್ಟುಬಿಡುವುದು ಅಪಾಯಕರ. ಪ್ರಾಧ್ಯಾಪಕರು ಸಜ್ಜನರೇ ಇರಬಹುದು. ಆದರೆ ಹಕ್ಕು ವಿಶ್ವವಿದ್ಯಾಲಯದ್ದಾಗಿದ್ದರೆ ಅವರ ಸಹಿಯಿಂದ ಪರವಾನಗಿ ಸಿದ್ಧಿಸದು. ಕಾಯಿದೆಯ 68ನೆಯ ಕಲಮಿನಂತೆ ಪೇಟೆಂಟಿನ ವರ್ಗಾವಣೆ, ಪರವಾನಗಿ ಯಾವುದೇ ಆಗಲಿ ಬರಹದಲ್ಲಿರಬೇಕು. 69ನೆಯ ಕಲಮಿನಂತೆ ಅದನ್ನು ಪೇಟೆಂಟ್ ಕಚೇರಿಯ ದಫ್ತರದಲ್ಲಿ ದಾಖಲು ಮಾಡಿಸಬೇಕು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಚೆನ್ನೈಯಲ್ಲಿದೆ.

ಹಣ ಹಂಚಿಕೆಯ ಲೆಕ್ಕ

ಪ್ರಾಧ್ಯಾಪಕರಿಗೆ ಪಾಲು ಕೊಡುವ ಪದ್ಧತಿಯ ಬೇರನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾಣಬಹುದು. ಅಲ್ಲಿನ ಪ್ರಾಧ್ಯಾಪಕ ಹ್ಯಾರಿ ಸ್ಟೀನ್‌ಬಾಕ್ ಆಹಾರದ ಮೇಲೆ ಅತಿನೇರಳೆ ಕಿರಣ ಹಾಯಿಸಿ ಡಿ ಜೀವಸತ್ವವನ್ನು ಹೆಚ್ಚಿಸುವ ವಿಧಾನವನ್ನು ಕಂಡುಹಿಡಿದರು. ಕಂಪನಿಯೊಂದು ದೊಡ್ಡ ಮೊತ್ತವನ್ನು ಮುಂದಿಟ್ಟರೂ ಒಪ್ಪದೆ, ಹಳೆಯ ವಿದ್ಯಾರ್ಥಿಗಳು 1925ರಲ್ಲಿ ಕಟ್ಟಿದ ಪ್ರತಿಷ್ಠಾನಕ್ಕೆ ಪೇಟೆಂಟನ್ನು ಒಪ್ಪಿಸಿದರು. ಬಂದ ರಾಜಧನ ಮತ್ತೆ ಸಂಶೋಧನೆಗೆ ಹೋಯಿತು. ವಿಸ್ಕಾನ್ಸಿನ್ ಹೈನುಗಾರರ ನಾಡು. ಬೆಣ್ಣೆಗೆ ಪ್ರತಿಸ್ಪರ್ಧಿಯಾದ ಮಾರ್ಗರಿನ್ ತಯಾರಕರಿಗೆ ಆ ಪ್ರತಿಷ್ಠಾನ ಪರವಾನಗಿ ಕೊಡಲಿಲ್ಲ. ಬಡವರ ಆಹಾರಕ್ಕೆ ಜೀವಸತ್ವ ಸಿಗದಂತೆ ಮಾಡಿದ್ದು ಸರಿಯಲ್ಲವೆಂದು 1940ರ ದಶಕದಲ್ಲಿ ನ್ಯಾಯಾಲಯ ಆಕ್ಷೇಪಿಸಿ, ಪೇಟೆಂಟನ್ನೇ ಅಸಿಂಧುವೆಂದಿತು. ಪರವಾನಗಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಜಗಳ ಅಷ್ಟು ಹಳೆಯದು.

1980ರ ಡಿಸೆಂಬರ್‌ನಲ್ಲಿ ಅಂಗೀಕಾರ ಪಡೆದ ಬೇ-ಡೋಲ್ ಕಾಯಿದೆಯು, ಸರಕಾರದ ಹಣದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅವಕಾಶ ಮಾಡಿ, ಆವಿಷ್ಕಾರಕನಿಗೆ ಪಾಲು ಕೊಡಲೇಬೇಕೆಂದು ವಿಧಿಸಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಕಚೇರಿಯ ಖರ್ಚಿಗೆಂದು ನೂರಕ್ಕೆ 15ನ್ನು ಮೊದಲು ಕಳೆದು, ಪೇಟೆಂಟಿನ ನೇರ ವೆಚ್ಚವನ್ನೂ ತೆಗೆದು, ಉಳಿದುದನ್ನು ಮೂರು ಸಮಪಾಲು ಮಾಡಿ ಆವಿಷ್ಕಾರಕನಿಗೆ, ಅವನ ವಿಭಾಗಕ್ಕೆ, ಅವನ ಶಾಲೆಗೆ ಹಂಚುತ್ತಾರೆ. ಕೋಹೆನ್ ಮತ್ತು ಬಾಯರ್ ಅವರ ವಂಶವಾಹಿ ಜೋಡಣೆಯ ಪೇಟೆಂಟುಗಳು ಅವಧಿ ಮುಗಿಯುವ ಹೊತ್ತಿಗೆ ಸುಮಾರು 25 ಕೋಟಿ ಡಾಲರುಗಳನ್ನು ತಂದವು. ಗಮನಿಸಬೇಕಾದುದೆಂದರೆ ಅವರು ಒಬ್ಬರಿಗೇ ಏಕಸ್ವಾಮ್ಯ ಕೊಡಲಿಲ್ಲ. ವರ್ಷಕ್ಕೆ ಹತ್ತು ಸಾವಿರ ಡಾಲರ್ ಕನಿಷ್ಠ ಶುಲ್ಕ, ಮಾರಾಟದ ಮೇಲೆ ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ ರಾಜಧನ ಎಂಬಂಥ ಹಗುರ ಷರತ್ತಿನ ಮೇಲೆ ನಾಲ್ಕುನೂರಕ್ಕೂ ಹೆಚ್ಚು ಕಂಪನಿಗಳಿಗೆ ಹಂಚಿದರು. ಕಡಿಮೆ ಲಾಭ, ಹೆಚ್ಚು ಗಿರಾಕಿ ಎಂಬುದು ಪೇಟೆಯವರಿಗೆ ಗೊತ್ತಿದ್ದ ಸೂತ್ರವೇ.

ಭಾರತದಲ್ಲಿ ಬೇ-ಡೋಲ್ ಮಾದರಿಯ ಮಸೂದೆಯನ್ನು 2008ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾಯಿತು. ಆವಿಷ್ಕಾರಕನಿಗೆ ರಾಜಧನದ ನೂರಕ್ಕೆ 30ಕ್ಕಿಂತ ಕಡಿಮೆಯಿಲ್ಲದ ಪಾಲು ಎಂದು ಅದು ಹೇಳಿತ್ತು. ವಿರೋಧ ಬಹಳವಾಗಿ 2014ರಲ್ಲಿ ಅದನ್ನು ಹಿಂದೆಗೆದುಕೊಂಡರು. ಹೀಗಾಗಿ ದೇಶಕ್ಕೆಲ್ಲ ಒಂದೇ ಕಾಯಿದೆ ಇಲ್ಲ. ಇರುವುದು ಸೂಚನೆಗಳು, ಮಾರ್ಗಸೂಚಿಗಳು, ಹಾಗೂ ಪ್ರತಿ ಸಂಸ್ಥೆಯ ಸ್ವಂತ ನೀತಿ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯವು 2000ದ ಮಾರ್ಚ್‌ನಲ್ಲಿ ತಾನು ಹಣ ಕೊಡುವ ಯೋಜನೆಗಳಿಗೆ ಸೂಚನೆ ಹೊರಡಿಸಿತು. ಅದರಂತೆ ಒಡೆತನ ಸಂಸ್ಥೆಗೆ. ಗಳಿಕೆಯಲ್ಲಿ ಆವಿಷ್ಕಾರಕರ ಪಾಲನ್ನು ಸಂಸ್ಥೆಯೇ ಗೊತ್ತುಮಾಡಬಹುದು, ಆದರೆ ಅದು ಮೂರನೆಯ ಒಂದು ಭಾಗವನ್ನು ಮೀರಬಾರದು. ಕನಿಷ್ಠ ನಾಲ್ಕನೆಯ ಒಂದು ಭಾಗವನ್ನು ಪೇಟೆಂಟ್ ವೆಚ್ಚದ ನಿಧಿಗೆ ತೆಗೆದಿಡಬೇಕು. ಕೃಷಿ ಸಂಶೋಧನೆಯ ಕ್ಷೇತ್ರದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2006ರಲ್ಲಿ ಇಂಥ ಮಾರ್ಗಸೂಚಿಯನ್ನು ತಂದಿತು.

ಲೆಕ್ಕವನ್ನು ಊಹೆಯ ಒಂದು ಉದಾಹರಣೆಯಿಂದ ನೋಡಬಹುದು. ಅಕ್ಕಿಆಲೂರಿನ ಒಬ್ಬ ತಯಾರಕ ಮಾವಿನ ತಿರುಳನ್ನು ಕೆಡದಂತೆ ಇಡುವ ವಿಧಾನವನ್ನು ವಿಶ್ವವಿದ್ಯಾಲಯವೊಂದರಿಂದ ನೂರಕ್ಕೆ 2ರ ರಾಜಧನದ ಮೇಲೆ ಪಡೆದನೆನ್ನೋಣ. ಅವನ ವರ್ಷದ ಮಾರಾಟ 40 ಲಕ್ಷ ರೂಪಾಯಿ. ರಾಜಧನ 80,000 ರೂಪಾಯಿ. ಅದರ ಮೇಲೆ ಜಿಎಸ್‌ಟಿ ನೂರಕ್ಕೆ 18ರಂತೆ 14,400 ರೂಪಾಯಿ. ಇದನ್ನು ಹುಟ್ಟುವಳಿ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಬಹುದು, ಆದರೆ ಕಾಂಪೋಜಿಷನ್ ಪದ್ಧತಿಯಲ್ಲಿರುವವನಿಗೆ ಆ ಅನುಕೂಲವಿಲ್ಲ. 2000ದ ಸೂಚನೆಯನ್ನು ಅನ್ವಯಿಸಿದರೆ 80,000ದಲ್ಲಿ ಆವಿಷ್ಕಾರಕರಿಗೆ ಹೆಚ್ಚೆಂದರೆ 26,667, ಪೇಟೆಂಟ್ ನಿಧಿಗೆ ಕನಿಷ್ಠ 20,000, ಉಳಿದ 33,333 ಸಂಸ್ಥೆಗೆ. ಆವಿಷ್ಕಾರಕರು ಮೂವರಿದ್ದರೆ ತಲೆಗೆ ಒಂಬತ್ತು ಸಾವಿರಕ್ಕಿಂತ ಕಡಿಮೆ. ಒಂದು ವರ್ಷದ ದುಡಿಮೆಗೆ ಪ್ರಾಧ್ಯಾಪಕರ ಮನೆಗೆ ಹೋಗುವುದು ಇಷ್ಟೇ. ಬಾಯ್ಲರಿನಲ್ಲಿ ತೊಂದರೆಯಾದಾಗ, ತಿರುಳಿನ ಬಣ್ಣ ಕೆಟ್ಟಾಗ, ರಾಜಧನ ಕೊಟ್ಟಿದ್ದೇನೆಂಬ ಭರವಸೆಯ ಮೇಲೆ ಅವರು ಓಡಿ ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ತರಬೇತಿ, ಸ್ಥಳಕ್ಕೆ ಬಂದು ತೋರಿಸುವುದು, ಮೊದಲ ಹಂಗಾಮಿನ ಮೇಲ್ವಿಚಾರಣೆ, ಇವನ್ನು ಕರಾರಿನಲ್ಲಿ ಬೇರೆಯಾಗಿ ಬರೆಸಿ, ಸಲಹಾ ಶುಲ್ಕವನ್ನೂ ಬೇರೆಯಾಗಿಯೇ ಗೊತ್ತುಮಾಡಬೇಕು. ಅನೇಕ ಕರಾರುಗಳು ಸೋಲುವುದು ರಾಜಧನದ ದರದಲ್ಲಲ್ಲ, ಈ ಒಂದು ಕಲಮಿನ ಕೊರತೆಯಲ್ಲಿ.

‘ಮಾರಾಟ’ ಎಂಬ ಶಬ್ದವೂ ವಿವರಣೆ ಬೇಡುತ್ತದೆ. ತೆರಿಗೆ, ಸಾಗಣೆ, ವಾಪಸು ಬಂದ ಮಾಲು, ದಲಾಲಿ, ಇವನ್ನು ಕಳೆದ ಮೇಲಿನ ಮೊತ್ತವೋ, ಬಿಲ್ಲಿನ ಮೊತ್ತವೋ? ಬರೆಯದೆ ಬಿಟ್ಟರೆ ಬಿಲ್ಲಿನ ಮೊತ್ತವನ್ನೇ ಕೇಳುವ ಸಂಭವ ಹೆಚ್ಚು. ದರದ ಅಂದಾಜಿಗೆ ಒಂದು ಆಧಾರವಿದೆ. 2019ರ ರಾಷ್ಟ್ರೀಯ ನಾವೀನ್ಯ ಮತ್ತು ನವೋದ್ಯಮ ನೀತಿಯು, ಆವಿಷ್ಕಾರಕರೇ ಕಂಪನಿ ಕಟ್ಟಿದಾಗ ಸಂಸ್ಥೆ ಪಡೆಯುವ ರಾಜಧನ ಮಾರಾಟ ಬೆಲೆಯ ನೂರಕ್ಕೆ 4ನ್ನು ಮೀರಬಾರದು, 1ರಿಂದ 2 ಇದ್ದರೆ ಉತ್ತಮ ಎಂದಿದೆ. ಅದು ಹೊರಗಿನ ತಯಾರಕರಿಗೆ ಬಂಧನಕಾರಿಯಲ್ಲದಿದ್ದರೂ ಮಾತುಕತೆಯ ಮೇಜಿನ ಮೇಲೆ ಇಡಲು ತಕ್ಕ ಅಂಕಿ.

ಹಣ ಕೊಡಬೇಕಾಗಿಲ್ಲದ ಸಂದರ್ಭಗಳು

ಪೇಟೆಂಟ್ ಪ್ರಾದೇಶಿಕವಾದದ್ದು. ಅಮೆರಿಕದ ಅಥವಾ ಜಪಾನಿನ ವಿಶ್ವವಿದ್ಯಾಲಯವು ಭಾರತದಲ್ಲಿ ಅರ್ಜಿ ಹಾಕಿ ಪೇಟೆಂಟ್ ಪಡೆದಿಲ್ಲವಾದರೆ ಆ ವಿಧಾನವನ್ನು ಇಲ್ಲಿ ಬಳಸಿ ಇಲ್ಲಿ ಮಾರಲು ಯಾರ ಅಪ್ಪಣೆಯೂ ಬೇಡ; ಆ ದೇಶಕ್ಕೆ ಮಾಲು ರಫ್ತು ಮಾಡುವಾಗ ಮಾತ್ರ ಎಚ್ಚರ ಬೇಕು. ಪೇಟೆಂಟಿನ ಅವಧಿ ಅರ್ಜಿಯ ದಿನದಿಂದ 20 ವರ್ಷ. ಅದರೊಳಗೂ ಮೂರನೆಯ ವರ್ಷದಿಂದ ಪ್ರತಿವರ್ಷ ನವೀಕರಣ ಶುಲ್ಕ ಕಟ್ಟಬೇಕು, ಕಟ್ಟದಿದ್ದರೆ ಪೇಟೆಂಟ್ ಬಿದ್ದುಹೋಗುತ್ತದೆ. ಅರ್ಜಿ ಹಾಕುವಾಗಿನ ಉತ್ಸಾಹ ಏಳೆಂಟು ವರ್ಷಗಳ ನಂತರದ ನವೀಕರಣದಲ್ಲಿ ಉಳಿಯದಿರುವುದು ಸಾರ್ವಜನಿಕ ಸಂಸ್ಥೆಗಳಲ್ಲಿ ಅಪರೂಪವಲ್ಲ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಸಂಖ್ಯೆಯನ್ನು ಹಾಕಿ ನೋಡಿದರೆ ಜೀವಂತವೋ ಇಲ್ಲವೋ ಎಂಬುದು ಶುಲ್ಕವಿಲ್ಲದೆ ತಿಳಿಯುತ್ತದೆ. ‘ಪೇಟೆಂಟ್ ಆಗಿದೆ’ ಎಂದು ಹೇಳಿದ್ದು ಬರಿಯ ಅರ್ಜಿಯಾಗಿರುವುದೂ ಉಂಟು. ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ, ಪರೀಕ್ಷೆಯಾಗಿ ಮಂಜೂರಾಗುವುದು ಬೇರೆ ಮಾತು.

ಇನ್ನೊಂದು ಸಂದರ್ಭ ಸೂಕ್ಷ್ಮವಾದದ್ದು. ಅರ್ಜಿಗೆ ಮೊದಲೇ ವಿಷಯವು ಪತ್ರಿಕೆಯಲ್ಲಿ, ಪ್ರಬಂಧದಲ್ಲಿ, ಕೃಷಿಮೇಳದ ಫಲಕದಲ್ಲಿ ಬಹಿರಂಗವಾಗಿದ್ದರೆ ಹೊಸತನ ಹೋಯಿತು. ಗೊತ್ತುಪಡಿಸಿದ ಪ್ರದರ್ಶನಗಳು, ವಿದ್ವತ್‌ಸಭೆಯಲ್ಲಿ ಓದಿದ ಪ್ರಬಂಧ ಮುಂತಾದ ಕೆಲವೇ ಸಂಗತಿಗಳಿಗೆ 31ನೆಯ ಕಲಮು ಹನ್ನೆರಡು ತಿಂಗಳ ವಿನಾಯಿತಿ ಕೊಡುತ್ತದೆ. ಬಡ್ತಿಗೆ ಪ್ರಬಂಧ ಬೇಕು, ಪೇಟೆಂಟಿಗೆ ಮೌನ ಬೇಕು. ಪ್ರಾಧ್ಯಾಪಕರ ಪಾಡು ಹೀಗೆ ಎರಡು ದೋಣಿಯ ಮೇಲಿನದು. ಮೇಲೆ ಹೇಳಿದ ಕೋಹೆನ್ ಮತ್ತು ಬಾಯರ್ ಅವರೂ 1973ರಲ್ಲಿ ಪ್ರಬಂಧ ಪ್ರಕಟಿಸಿ, ವರ್ಷ ತುಂಬುವುದರೊಳಗೆ 1974ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಿ ಪಾರಾದರು. ಆದರೆ ಇಂಥ ರಿಯಾಯಿತಿಯಿಲ್ಲದ ಹೊರದೇಶಗಳ ಹಕ್ಕನ್ನೆಲ್ಲ ಕಳೆದುಕೊಂಡರು.

ಪೇಟೆಂಟೇ ಇಲ್ಲದೆ ನಾಡಿಗೆ ಉಪಕಾರವಾದದ್ದೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗ್ರಾಮಗಳಿಗೆ ತಂತ್ರಜ್ಞಾನ ಮುಟ್ಟಿಸಲು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಿಂದ ಬಂದ ಒಲೆ ಕರ್ನಾಟಕದ ಹಳ್ಳಿಗಳ ಅಡುಗೆಮನೆ ಸೇರಿತು. ಅದೇ ಸಂಸ್ಥೆಯ ನಾಲ್ವರು ಗಣಕ ವಿಜ್ಞಾನಿಗಳು ಎನ್‌ಕೋರ್ ಕಂಪನಿಯವರೊಡನೆ ಸೇರಿ 1999ರಲ್ಲಿ ಟ್ರಸ್ಟ್ ಮಾಡಿಕೊಂಡು ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು 2001ರಲ್ಲಿ ಜನರ ಮುಂದಿಟ್ಟಾಗ, ಬೇರೆಯೇ ಒಂದು ಮಾರ್ಗ ಹಿಡಿದರು. ವಿನ್ಯಾಸ ಬಹಿರಂಗ, ತಯಾರಿಸಿ ಮಾರುವವರು ಟ್ರಸ್ಟಿಗೆ ಒಮ್ಮೆ ಮಾತ್ರ ಶುಲ್ಕ ಕೊಡಬೇಕು, ಹಿಂದುಳಿದ ದೇಶದವರಿಗೆ ಕಡಿಮೆ, ಮುಂದುವರಿದವರಿಗೆ ಹೆಚ್ಚು, ವಿನ್ಯಾಸದಲ್ಲಿ ಸುಧಾರಣೆ ಮಾಡಿದವರು ಮಾರುಕಟ್ಟೆಗೆ ತಂದ ಒಂದು ವರ್ಷದೊಳಗೆ ಅದನ್ನು ಟ್ರಸ್ಟಿಗೆ ತಿಳಿಸಬೇಕು. ಭಾರತ್ ಎಲೆಕ್ಟ್ರಾನಿಕ್ಸ್ 2004ರಲ್ಲಿ ಅದನ್ನು ತಯಾರಿಸಿತು. ಪರವಾನಗಿ ಪದ್ಧತಿ ಇಷ್ಟು ಉದಾರವಾಗಿದ್ದರೂ ಗಿರಾಕಿಗಳು ನಿರೀಕ್ಷಿಸಿದಷ್ಟು ಬರಲಿಲ್ಲ. ಮೊಬೈಲ್ ಫೋನು ಅಗ್ಗವಾಗುತ್ತ ಬಂದ ಕಾಲ ಅದು.

ತಯಾರಕನೇ ಜೊತೆಗಾರನಾದಾಗ

ಸಣ್ಣ ತಯಾರಕರು ಹೆಚ್ಚಾಗಿ ನಷ್ಟಪಡುವುದು ಇಲ್ಲಿ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರವೊಂದನ್ನು ವರ್ಕ್‌ಶಾಪಿನ ಮಾಲೀಕ ಅರೆಬರೆ ಮಾಡಿಟ್ಟಿದ್ದಾನೆ. ಕಾಲೇಜಿನವರು ಬಂದು ನೋಡಿ ಅಳತೆ ತೆಗೆದು, ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಮುಂದುವರಿಸಿ, ಸುಧಾರಿಸಿ, ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹಾಕಿದರೆನ್ನೋಣ. ಯಾರದೂ ಕೆಟ್ಟ ಉದ್ದೇಶವಿಲ್ಲದಿದ್ದರೂ ಮೂಲ ಕಲ್ಪನೆಯ ಒಡೆಯ ತನ್ನ ಯಂತ್ರಕ್ಕೆ ತಾನೇ ರಾಜಧನ ಕೊಡುವ ಪ್ರಸಂಗ ಬರಬಹುದು. ವಾಸ್ತವವಾಗಿ ಅವನೂ ಆವಿಷ್ಕಾರಕನೇ. ಅರ್ಜಿಯಲ್ಲಿ ಅವನ ಹೆಸರಿರಬೇಕು. ಇದಕ್ಕೆ ಉಪಾಯ ಸರಳ: ತೋರಿಸುವ ಮೊದಲೇ ಒಂದು ಗೋಪ್ಯತಾ ಪತ್ರ, ಯಂತ್ರದ ನಕ್ಷೆ ಹಾಗೂ ದಿನಾಂಕವಿರುವ ಛಾಯಾಚಿತ್ರ, ಹಾಗೂ ಯಾರು ಏನು ತಂದರು, ಹಕ್ಕು ಹೇಗೆ ಹಂಚಿಕೆ ಎಂಬ ಎರಡು ಪುಟದ ಒಪ್ಪಂದ. ಸಾಧ್ಯವಾದರೆ ಭೇಟಿಗೆ ಮೊದಲೇ ತಾತ್ಕಾಲಿಕ ಅರ್ಜಿಯನ್ನು ಹಾಕುವುದು ಇನ್ನೂ ಒಳ್ಳೆಯದು. ಸಣ್ಣ ಉದ್ದಿಮೆಗೆ ಅರ್ಜಿಯ ಶುಲ್ಕ ಆನ್‌ಲೈನ್‌ನಲ್ಲಿ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000. ದೊಡ್ಡ ಕಂಪನಿಗಳಿಗೆ 8,000 ಮತ್ತು 20,000. ವಿದ್ಯಾಸಂಸ್ಥೆಗಳಿಗೂ 2021ರಿಂದ ಇದೇ ರಿಯಾಯಿತಿ ದರ ಸಿಕ್ಕಿದೆ. ಏಜೆಂಟರ ಶುಲ್ಕ ಬೇರೆ, ನಿಜವಾದ ಭಾರ ಅದೇ.

ಜಂಟಿ ಒಡೆತನವೆಂದರೆ ಎಲ್ಲವೂ ಸುಸೂತ್ರ ಎಂದಲ್ಲ. 50ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಸಹ ಒಡೆಯರಿಗೆ ಸಮಾನ ಅವಿಭಕ್ತ ಪಾಲು. ಪ್ರತಿಯೊಬ್ಬನೂ ಲೆಕ್ಕ ಒಪ್ಪಿಸದೆ ಸ್ವತಃ ಬಳಸಬಹುದು, ಆದರೆ ಇನ್ನೊಬ್ಬರ ಸಮ್ಮತಿಯಿಲ್ಲದೆ ಮೂರನೆಯವರಿಗೆ ಪರವಾನಗಿ ಕೊಡುವಂತಿಲ್ಲ. ವಿಶ್ವವಿದ್ಯಾಲಯ ಸ್ವತಃ ಯಂತ್ರ ಮಾರುವುದಿಲ್ಲವಾದ್ದರಿಂದ ಈ ಕಲಮು ತಯಾರಕನಿಗೆ ಅನುಕೂಲ. ಅದನ್ನರಿತ ಸಂಸ್ಥೆಗಳು ಒಪ್ಪಂದದಲ್ಲಿ ಇದನ್ನು ಬದಲಿಸಿ ಬರೆಯುವುದುಂಟು. ಓದದೆ ಸಹಿ ಹಾಕಿದವನಿಗೆ ಆ ಬದಲಾವಣೆ ತಿಳಿಯುವುದು ಮೊದಲ ನೋಟೀಸು ಬಂದಾಗ.

ತಳಿ, ಬೀಜ, ಗಿಡಮೂಲಿಕೆಯ ವ್ಯವಹಾರದವರಿಗೆ ಇನ್ನೂ ಒಂದು ಕಟ್ಟು ಇದೆ. ಸಸ್ಯ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಹಾಗೂ ರೈತರ ಹಕ್ಕು ಕಾಯಿದೆಯಂತೆ ನೋಂದಾಯಿತ ತಳಿಗೆ ಬೆಳೆಗಳಲ್ಲಿ 15 ವರ್ಷ, ಮರ ಮತ್ತು ಬಳ್ಳಿಗಳಲ್ಲಿ 18 ವರ್ಷ ರಕ್ಷಣೆ. ರೈತನು ಬೀಜವನ್ನು ಉಳಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಆದರೆ ಬ್ರಾಂಡಿನ ಪೊಟ್ಟಣದಲ್ಲಿ ಮಾರುವಂತಿಲ್ಲ. ಸ್ಥಳೀಯ ತಳಿಗಳ ವಿಷಯದಲ್ಲಿ 2002ರ ಜೀವವೈವಿಧ್ಯ ಕಾಯಿದೆಯೂ ಅಡ್ಡಬರುತ್ತದೆ. ಬಿ.ಟಿ. ಬದನೆಯ ಪ್ರಕರಣ ಇದಕ್ಕೆ ಹತ್ತಿರದ ನಿದರ್ಶನ. 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಮಹಿಕೊ ಕಂಪನಿಯ ನಡುವೆ ವಂಶವಾಹಿಯ ಉಪಪರವಾನಗಿ ಒಪ್ಪಂದವಾಯಿತು. ಉಡುಪಿ, ಮಲಾಪುರ ಮೊದಲಾದ ಸ್ಥಳೀಯ ಬದನೆಗಳಲ್ಲಿ ವಂಶವಾಹಿಯನ್ನು ಸೇರಿಸುವ ಕೆಲಸ ನಡೆಯಿತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಬಿ.ಟಿ. ಬದನೆಗೆ ತಡೆ ಹಾಕಿತು. ಸ್ಥಳೀಯ ತಳಿಗಳ ಬಳಕೆಗೆ ಅನುಮತಿ ಪಡೆದಿಲ್ಲವೆಂಬ ದೂರು ಅದೇ ವರ್ಷ ಬಂದು, ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ಕಾನೂನು ಕ್ರಮಕ್ಕೆ ತೀರ್ಮಾನಿಸಿ, 2012ರಲ್ಲಿ ವಿಷಯ ನ್ಯಾಯಾಲಯ ತಲುಪಿತು. ಆ ಒಪ್ಪಂದದಲ್ಲಿ ವಂಶವಾಹಿಯ ಒಡೆಯನ ಹಕ್ಕನ್ನು ಎಚ್ಚರದಿಂದ ಬರೆದಿದ್ದರು. ತಳಿಯನ್ನು ತಲೆತಲಾಂತರದಿಂದ ಕಾಪಾಡಿದವರ ಪಾಲು ಏನು ಎಂಬ ಪ್ರಶ್ನೆ ಎದ್ದದ್ದು ಆಮೇಲೆ. 2023ರ ತಿದ್ದುಪಡಿಯ ನಂತರ ಭಾರತೀಯ ಅರ್ಜಿದಾರರು ಪೇಟೆಂಟ್ ಮಂಜೂರಾಗುವ ಮೊದಲು ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ದೊರೆತ ಭೌಗೋಳಿಕ ಸೂಚಕ ಇವೆಲ್ಲಕ್ಕಿಂತ ಬೇರೆಯ ಹಕ್ಕು. ಅದನ್ನು ಪ್ರಾಧ್ಯಾಪಕರಾಗಲಿ ಕಂಪನಿಯಾಗಲಿ ಒಬ್ಬರೇ ಕೊಂಡುಕೊಳ್ಳಲಾಗದು, ಪರಭಾರೆ ಮಾಡಲೂ ಆಗದು.

ಕರಾರಿನ ಕರಡು ಕೈಗೆ ಬಂದಾಗ ನೋಡಬೇಕಾದ ಇನ್ನು ಕೆಲವು ಸಂಗತಿಗಳಿವೆ. ಪರವಾನಗಿ ಏಕಸ್ವಾಮ್ಯದ್ದೋ, ಹಲವರಿಗೆ ಕೊಡುವಂಥದ್ದೋ. ಜಿಲ್ಲೆಗೆ ಸೀಮಿತವೋ, ದೇಶಕ್ಕೆಲ್ಲವೋ. ಮಾರಾಟವಾಗದ ವರ್ಷವೂ ಕಟ್ಟಬೇಕಾದ ಕನಿಷ್ಠ ಮೊತ್ತವಿದೆಯೋ. ಪೇಟೆಂಟ್ ಇಲ್ಲದ ಕಚ್ಚಾ ಸಾಮಗ್ರಿಯನ್ನು ಇಂಥವರಿಂದಲೇ ಕೊಳ್ಳಬೇಕೆಂಬ ಷರತ್ತು, ಪೇಟೆಂಟಿನ ಸಿಂಧುತ್ವವನ್ನು ಪ್ರಶ್ನಿಸಬಾರದೆಂಬ ಷರತ್ತು, ತಯಾರಕ ಮಾಡಿದ ಸುಧಾರಣೆಯನ್ನು ಬರಿಗೈಯಲ್ಲಿ ಹಿಂದಿರುಗಿಸಬೇಕೆಂಬ ಷರತ್ತು, ಇವು 140ನೆಯ ಕಲಮಿನಂತೆ ಕಾನೂನುಬಾಹಿರ. ಸಹಿ ಹಾಕಿದ್ದರೂ ನಿಲ್ಲುವುದಿಲ್ಲ. ಪೇಟೆಂಟನ್ನು ಬಳಕೆಗೆ ತಂದಿರುವ ಬಗ್ಗೆ ಕಚೇರಿಗೆ ವಿವರಣೆ ಸಲ್ಲಿಸುವ ಹೊಣೆ ಒಡೆಯನಿಗಷ್ಟೇ ಅಲ್ಲ, 146ನೆಯ ಕಲಮಿನಂತೆ ಪರವಾನಗಿ ಪಡೆದವನಿಗೂ ಇದೆ. 2024ರಿಂದ ಇದನ್ನು ಮೂರು ವರ್ಷಕ್ಕೊಮ್ಮೆ ಸಲ್ಲಿಸಿದರೆ ಸಾಕು. ಕರಾರಿನಲ್ಲಿ ಹೆಸರಿಸಿದ ಪೇಟೆಂಟುಗಳೆಲ್ಲ ಅವಧಿ ಮುಗಿದೋ ನವೀಕರಣವಿಲ್ಲದೆಯೋ ರದ್ದಾದ ಮೇಲೆ, ಕರಾರಿನಲ್ಲಿ ಏನೇ ಬರೆದಿರಲಿ, 141ನೆಯ ಕಲಮಿನಂತೆ ಮೂರು ತಿಂಗಳ ಲಿಖಿತ ನೋಟೀಸು ಕೊಟ್ಟು ತಯಾರಕನು ಕರಾರಿನಿಂದ ಬಿಡುಗಡೆ ಹೊಂದಬಹುದು.